ತಿರುಗಿಸುವುದು ಬೇರೆ, ಕಡೆಯುವುದು ಬೇರೆ

ಚಳ್ಳಕೆರೆ ಸೀಮೆಯ ವರವು ಕಾವಲ್ ಒಂದು ಕಾಲಕ್ಕೆ ಅಮೃತ್ ಮಹಲ್ ದನಗಳ ಹುಲ್ಲುಗಾವಲು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನನು ಇಟ್ಟ ಹೆಸರೇ ಅಮೃತ್ ಮಹಲ್. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಆ ಚಾವಡಿಯ ಕೆಲಸವಾಗಿತ್ತು. ಬೆಣ್ಣೆ ತೆಗೆಯುವ ಆ ವಿದ್ಯೆಯಲ್ಲಿ ಅಡಿಕೆ ಬೆಳೆಯುವ ನಮಗೂ ಒಂದು ಪಾಠವಿದೆ.

ಕಡಗೋಲು ಹಗ್ಗ ಎಳೆದಂತೆಲ್ಲ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಮೊಸರು ಚೆನ್ನಾಗಿ ಕಲಕಿ, ಜಿಡ್ಡಿನ ಕಣಗಳು ಒಂದಕ್ಕೊಂದು ತಾಗಿ ಅಂಟಿಕೊಂಡು ಬೆಣ್ಣೆ ಕಟ್ಟುತ್ತದೆ. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ರೂಪಿಸಿದ ಕೆನೆ ತೆಗೆಯುವ ಯಂತ್ರದ ರೀತಿಯೇ ಬೇರೆ. ಅಲ್ಲಿ ಪಾತ್ರೆಯೇ ಹಾಲಿನ ಸಮೇತ ಒಂದೇ ದಿಕ್ಕಿಗೆ ರಭಸದಿಂದ ಸುತ್ತುತ್ತದೆ. ಭಾರವಾದ ಹಾಲು ಅಂಚಿಗೆ ಸರಿಯುತ್ತದೆ, ಹಗುರವಾದ ಕೆನೆ ನಡುವೆ ನಿಲ್ಲುತ್ತದೆ. ವೇಗ ಇಮ್ಮಡಿಯಾದರೆ ಬೇರ್ಪಡಿಸುವ ಬಲ ನಾಲ್ಮಡಿಯಾಗುತ್ತದೆ. ರಬ್ಬರ್ ಹಾಲನ್ನು ಗಟ್ಟಿ ಮಾಡುವ ಯಂತ್ರಗಳದ್ದೂ ಇದೇ ತತ್ವ.

ಈಗ ನಮ್ಮ ತೋಟದ ಡ್ರಮ್ಮಿಗೆ ಬರೋಣ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆಯನ್ನು ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೇ ತೋರಿಸಿಕೊಟ್ಟರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಮದ್ದು ನೀರಿನಲ್ಲಿ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ ಎಂಬುದನ್ನು ಮರೆಯುತ್ತೇವೆ.

ಕೋಲಿನಿಂದ ಒಂದೇ ಕಡೆಗೆ ಗರಗರ ತಿರುಗಿಸಿ ಬಿಟ್ಟರೆ ಮದ್ದು ಬೆರೆಯಿತೆಂದು ಕಾಣುತ್ತದೆ. ಆದರೆ ತಳಕ್ಕೆ ಉಜ್ಜುವ ನೀರು ನಿಧಾನವಾಗಿ, ನಡುವಿಗೆ ಹರಿದು, ಕೆಳಗಿಳಿದ ಕಣಗಳನ್ನು ಅಲ್ಲೇ ಗುಡ್ಡೆ ಹಾಕುತ್ತದೆ. ಲೋಟದ ಕಾಫಿಯನ್ನು ಚಮಚದಿಂದ ತಿರುಗಿಸಿ ಬಿಟ್ಟರೆ ಗಸಿ ನಡುವೆ ಕೂರುವುದೂ ಹೀಗೆಯೇ. ಆಗ ಮೇಲಿನಿಂದ ಮೊಗೆದ ಮದ್ದು ತೆಳು, ತಳದ್ದು ದಪ್ಪ. ಒಂದು ಮರದ ಗೊನೆಗೆ ರಕ್ಷಣೆ ಸಾಲದು, ಇನ್ನೊಂದು ಮರದಡಿ ನಾಜಲ್ಲು ಕಟ್ಟುತ್ತದೆ. ಖರ್ಚು ಪೂರ್ತಿ, ಫಲ ಅರ್ಧ.

ಆದ್ದರಿಂದ ಸದಸ್ಯ ಬಂಧುಗಳು ಡ್ರಮ್ಮನ್ನು ಕಡಗೋಲಿನ ಕ್ರಮದಲ್ಲಿ ಕಲಕಬೇಕು: ಬಲಕ್ಕೆ, ಎಡಕ್ಕೆ, ತಳದಿಂದ ಮೇಲಕ್ಕೆ. ಪ್ರತಿ ಸಲ ಮೊಗೆಯುವ ಮುನ್ನವೂ ಕಲಕಬೇಕು. ಮಾಡಿದ ಮದ್ದನ್ನು ಅಂದೇ ಮುಗಿಸಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಡ್ರಮ್ಮಿನ ಬಳಿ ಒಬ್ಬ ಆಳು ನಿಂತರೆ ಸಾಕು.