ಬಳಪ ಮೊದಲು, ಕೀಲಿಮಣೆ ಆಮೇಲೆ

ಮಗು ಅಕ್ಷರ ತಿದ್ದುವ ವಯಸ್ಸಿನಲ್ಲೇ ಟೈಪಿಂಗನ್ನೂ ಕಲಿಸಬೇಕೇ? ಕಲಿಸಬೇಕು ಎನ್ನುವವರ ವಾದ ಹಗುರವಾದದ್ದಲ್ಲ. ಎಳೆಯ ಬೆರಳುಗಳಿಗೆ ಪೆನ್ಸಿಲ್ ಹಿಡಿಯುವುದೇ ಕಷ್ಟ; ಮನಸ್ಸಿನಲ್ಲಿ ದೊಡ್ಡ ಕಥೆಯಿದ್ದರೂ ಮಗು ಎರಡು ಸಾಲಿಗೇ ಸೋತುಬಿಡುತ್ತದೆ. ಈ ಕಾರಣಕ್ಕೇ ನಾರ್ವೆಯ ಶಿಕ್ಷಣತಜ್ಞ ಆರ್ನೆ ಟ್ರಾಗೆಟನ್, ಮಕ್ಕಳು ಮೊದಲು ಕಂಪ್ಯೂಟರಿನಲ್ಲಿ ಬರೆಯಲಿ, ಕೈಬರಹ ಮೂರನೇ ತರಗತಿಯವರೆಗೆ ಕಾಯಲಿ ಎಂದರು. ಆದರೆ ಕಥೆ ಕಟ್ಟುವುದು ಬೇರೆ, ಅಕ್ಷರ ಗುರುತಿಸುವುದು ಬೇರೆ. ಅಮೆರಿಕದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್ಹಾರ್ಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಬರೆಯಲು, ಗೆರೆಯ ಮೇಲೆ ತಿದ್ದಲು, ಟೈಪ್ ಮಾಡಲು ಹೇಳಿ, ಬಳಿಕ ಮಿದುಳಿನ ಸ್ಕ್ಯಾನ್ ಮಾಡಿದರು. ಓದಿಗೆ ಬೇಕಾದ ಭಾಗಗಳು ಚುರುಕಾದದ್ದು ಸ್ವತಃ ಬರೆದ ಅಕ್ಷರಗಳನ್ನು ಕಂಡಾಗ. ಅದರಲ್ಲಿದ್ದ ಮಕ್ಕಳು ಬೆರಳೆಣಿಕೆಯಷ್ಟು, ನಿಜ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ: ಯಾವ ಅಕ್ಷರಕ್ಕೂ ಕೀಲಿ ಒತ್ತುವ ರೀತಿ ಒಂದೇ, ಬರೆಯುವ ಕೈ ಮಾತ್ರ ಪ್ರತಿ ತಿರುವನ್ನೂ ತಾನೇ ಹುಟ್ಟಿಸಬೇಕು. ಹೊಟ್ಟೆಯ ಸಣ್ಣ ಸೀಳೊಂದರಿಂದ 'ದ'ಕಾರ 'ಧ'ಕಾರವಾಗುವ ನಮ್ಮ ಲಿಪಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ.

ಹಾಗೆಂದು ಕೀಲಿಮಣೆಯನ್ನು ದೂರವಿಡಬೇಕಿಲ್ಲ. ಕಾಗುಣಿತ, ಒತ್ತಕ್ಷರ ಕೈಗೆ ಹತ್ತಿದ ಮೇಲೆ, ಸುಮಾರು ಮೂರನೇ ತರಗತಿಯಲ್ಲಿ, ಅದೇ ಒಂದು ವ್ಯಾಕರಣದ ಪಾಠವಾಗಬಲ್ಲದು. ಕಲಿಸುವುದು ಕನ್ನಡ ಕೀಲಿಮಣೆಯಾಗಿದ್ದರೆ. ಕೆ.ಪಿ. ರಾವ್ ರೂಪಿಸಿದ, 'ನುಡಿ' ತಂತ್ರಾಂಶದಿಂದ ಮನೆಮಾತಾದ ವಿನ್ಯಾಸದಲ್ಲಿ ವ್ಯಂಜನದ ಕೀಲಿಯ ನಂತರ ಸ್ವರದ ಕೀಲಿ ಒತ್ತಿದರೆ ಕಾಗುಣಿತ ಮೂಡುತ್ತದೆ. 'ದ'ದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ 'ಧ' ಬರುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳ ನಂಟು ಬೆರಳಿಗೇ ತಿಳಿಯುತ್ತದೆ. 'ಸೂರ್ಯ' ಬರೆಯುವಾಗ ಕೈ ಮೊದಲು 'ಯ' ಬರೆದು ಆಮೇಲೆ ಅರ್ಕಾವೊತ್ತು ಹಾಕುತ್ತದೆ. ಯೂನಿಕೋಡಿನಲ್ಲಿ ಟೈಪಿಸುವಾಗ ನಾಲಿಗೆ ನುಡಿದಂತೆ ರಕಾರವೇ ಮೊದಲು. ಕಣ್ಣಿಗೆ ಕಾಣುವ ಕ್ರಮಕ್ಕೂ ಕಿವಿಗೆ ಕೇಳುವ ಕ್ರಮಕ್ಕೂ ಇರುವ ಈ ವ್ಯತ್ಯಾಸವನ್ನು ಇಷ್ಟು ಸುಲಭವಾಗಿ ತೋರಿಸುವ ಪಾಠ ಇನ್ನೊಂದಿಲ್ಲ.

ಮಾತಾಡಿದರೆ ಮೊಬೈಲೇ ಬರೆದುಕೊಳ್ಳುವ ಕಾಲದಲ್ಲಿ ಟೈಪಿಂಗ್ ಏಕೆ ಎಂದು ಕೇಳಬಹುದು. ಮೊಬೈಲು ಬರೆದದ್ದರಲ್ಲಿ ಅಕಾರ ಹಕಾರವಾಗಿದೆಯೇ ಎಂದು ನೋಡಿ ತಿದ್ದಲು ಕಾಗುಣಿತ ಬಲ್ಲವರೇ ಬೇಕು. ಎಲ್ಲ ಶಾಲೆಗಳಲ್ಲೂ ಕಂಪ್ಯೂಟರ್ ಎಲ್ಲಿದೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಆದರೆ ಎಲ್ಲ ಮಕ್ಕಳೂ ದಿನವಿಡೀ ಟೈಪಿಸಬೇಕೆಂದು ಯಾರೂ ಹೇಳುತ್ತಿಲ್ಲ. ಸರದಿಯಲ್ಲಿ ವಾರಕ್ಕೊಂದೆರಡು ಸಲ ಕೂತರೂ ಕೀಲಿಗಳ ಜಾಗ ಪರಿಚಯವಾಗುತ್ತದೆ, ಕಂಪ್ಯೂಟರ್ ಬರುವ ತನಕ ಸ್ಲೇಟಿನ ಕೆಲಸವೇನೂ ನಿಲ್ಲುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ರೂಢಿ ಮಕ್ಕಳಿಗೆ ಅಂಟುವ ಮೊದಲೇ ಶಿಕ್ಷಕರು, ಪೋಷಕರು ಕನ್ನಡದ ಕೀಲಿಗಳನ್ನು ತೋರಿಸಿಕೊಡಲಿ. ಅದಕ್ಕೂ ಮೊದಲು ಬಳಪ ಸವೆಯಲಿ.