ಮಾದರಿ ವಿಮಾನ ಎಂಜಿನ್‌ಗಳ ಇಂಧನಕ್ಕೆ ಹರಳೆಣ್ಣೆ: ಆಯ್ಕೆ ಮತ್ತು ಖರೀದಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮಾದರಿ ವಿಮಾನಗಳನ್ನು ನಿರ್ಮಿಸಿ ಹಾರಿಸುವ ಏರೋಮಾಡೆಲಿಂಗ್, ಎನ್.ಸಿ.ಸಿ. ವಾಯು ವಿಭಾಗದ ತರಬೇತಿಯ ಅಂಗವಾಗಿದ್ದು, ಹವ್ಯಾಸವಾಗಿಯೂ ಬೆಳೆದುಬಂದಿದೆ. ವಿದ್ಯುತ್ ಮೋಟಾರುಗಳ ಬಳಕೆ ಹೆಚ್ಚಿದ್ದರೂ ಗ್ಲೋ ಪ್ಲಗ್ ಎಂಜಿನ್‌ಗಳು ಇಂದಿಗೂ ಬಳಕೆಯಲ್ಲಿವೆ. ಈ ಎಂಜಿನ್‌ಗಳ ಇಂಧನದಲ್ಲಿ ಮೆಥನಾಲ್ ಜೊತೆಗೆ ಹರಳೆಣ್ಣೆಯನ್ನು ಬೆರೆಸಲಾಗುತ್ತದೆ. ಅಯೋಗ್ಯ ಎಣ್ಣೆಯನ್ನು ಬಳಸಿದಲ್ಲಿ ಎಂಜಿನ್ ಹಾರಾಟದ ಮಧ್ಯದಲ್ಲಿಯೇ ಬಿಗಿದು ನಿಂತು, ವಿಮಾನವು ನೆಲಕ್ಕುರುಳಿ ಕೆಳಗಿರುವವರಿಗೆ ಅಪಾಯವಾಗುವ ಸಂಭವವಿರುತ್ತದೆ. ಆದ್ದರಿಂದ ಹವ್ಯಾಸಿಗಳು, ವಿದ್ಯಾರ್ಥಿಗಳ ಪೋಷಕರು ಮತ್ತು ಶಿಕ್ಷಣ ಸಂಸ್ಥೆಗಳು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯಕ.

1. ಹರಳೆಣ್ಣೆಯೇ ಏಕೆ?

ಎರಡು ಹೊಡೆತದ ಚಿಕ್ಕ ಎಂಜಿನ್‌ಗಳಲ್ಲಿ ಕೀಲೆಣ್ಣೆಗೆ ಪ್ರತ್ಯೇಕ ತೊಟ್ಟಿ ಇರುವುದಿಲ್ಲ. ಇಂಧನದೊಡನೆ ಒಳಬರುವ ಎಣ್ಣೆಯೇ ಎಲ್ಲ ಭಾಗಗಳನ್ನೂ ಸವರಿ, ಶಾಖವನ್ನು ಹೊತ್ತು ಹೊಗೆಯೊಡನೆ ಹೊರಹೋಗುತ್ತದೆ. ಆದುದರಿಂದ ಸದರಿ ಎಣ್ಣೆಯು ಮೆಥನಾಲ್‌ನಲ್ಲಿ ಸಂಪೂರ್ಣವಾಗಿ ಕರಗತಕ್ಕದ್ದು. ಸಾಮಾನ್ಯ ವಾಹನಗಳ ಖನಿಜ ಎಣ್ಣೆಯು ಮೆಥನಾಲ್‌ನಲ್ಲಿ ಕರಗುವುದಿಲ್ಲ. ಹರಳೆಣ್ಣೆಯಲ್ಲಿನ ಕೊಬ್ಬಿನಾಮ್ಲಗಳ ಪೈಕಿ ಸುಮಾರು ಶೇ. 85 ರಿಂದ 90 ರಷ್ಟು ರಿಸಿನೋಲಿಕ್ ಆಮ್ಲವಿದ್ದು, ಅದರ ವಿಶಿಷ್ಟ ರಚನೆಯಿಂದಾಗಿ ಹರಳೆಣ್ಣೆಯು ಮೆಥನಾಲ್‌ನೊಡನೆ ಬೆರೆಯುತ್ತದೆ ಹಾಗೂ ಕಾದ ಲೋಹಕ್ಕೂ ಅಂಟಿಕೊಂಡು ನಿಲ್ಲುತ್ತದೆ. ಮೊದಲನೆಯ ಮಹಾಯುದ್ಧದ ಕಾಲದ ರೋಟರಿ ವಿಮಾನ ಎಂಜಿನ್‌ಗಳಲ್ಲಿಯೂ ಹರಳೆಣ್ಣೆಯನ್ನೇ ಬಳಸಲಾಗುತ್ತಿತ್ತು.

ಇದರ ನ್ಯೂನತೆಯೆಂದರೆ, ಕಾದಾಗ ಪಿಸ್ಟನ್ ಮತ್ತು ಸಿಲಿಂಡರಿನ ಮೇಲೆ ಕಂದು ಬಣ್ಣದ ವಾರ್ನಿಷ್‌ನಂತಹ ಪದರ ಕಟ್ಟುವುದು. ಈ ಕಾರಣದಿಂದ ಕೆಲವರು ಸಂಶ್ಲೇಷಿತ ಎಣ್ಣೆಯನ್ನು ಬೆರೆಸಿ ಬಳಸುತ್ತಾರೆ. ಆದರೆ ಇಂಧನದ ಪ್ರಮಾಣ ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾದಾಗ ಅದನ್ನು ಕಾಪಾಡುವ ಗುಣವು ಹರಳೆಣ್ಣೆಯಲ್ಲಿ ಹೆಚ್ಚು.

2. ಮಾರುಕಟ್ಟೆಯಲ್ಲಿ ದೊರೆಯುವ ವಿಧಗಳು

ಅ) ಔಷಧಿ ಅಂಗಡಿಯ ಹರಳೆಣ್ಣೆ: ಶುದ್ಧವಾದ, ತಿಳಿಹಳದಿ ಬಣ್ಣದ ಎಣ್ಣೆ. ಬೇರೇನೂ ಬೆರೆಸಿಲ್ಲವೆಂದು ಖಚಿತಪಡಿಸಿಕೊಂಡಲ್ಲಿ ಇಂಧನಕ್ಕೆ ಯೋಗ್ಯ. ಚಿಕ್ಕ ಬಾಟಲಿಗಳಲ್ಲಿ ದೊರೆಯುವುದರಿಂದ ಬೆಲೆ ದುಬಾರಿಯಾಗಬಹುದು.

ಆ) ಕೈಗಾರಿಕಾ ದರ್ಜೆಯ ಶುದ್ಧೀಕರಿಸಿದ ಹರಳೆಣ್ಣೆ: ವ್ಯಾಪಾರದಲ್ಲಿ ಫಸ್ಟ್ ಸ್ಪೆಷಲ್ ಗ್ರೇಡ್ ಎಂದು ಕರೆಯಲಾಗುವ ಎಣ್ಣೆಯು ಈ ವರ್ಗದ್ದು. ಹರಳೆಣ್ಣೆಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 435 ಆಗಿರುತ್ತದೆ. ಹೆಚ್ಚು ಪ್ರಮಾಣದಲ್ಲಿ ಬೇಕಾದ ಸಂಘ ಸಂಸ್ಥೆಗಳಿಗೆ ಇದು ಅನುಕೂಲಕರ.

ಇ) ಮನೆಯಲ್ಲಿ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಎಣ್ಣೆ: ಇದರಲ್ಲಿ ನೀರಿನ ಅಂಶ ಮತ್ತು ಅಂಟು ಉಳಿಯುವ ಸಂಭವವಿರುವುದರಿಂದ ಇಂಧನಕ್ಕೆ ಯೋಗ್ಯವಲ್ಲ. ಹರಳು ಬೀಜದಲ್ಲಿ ರಿಸಿನ್ ಎಂಬ ತೀವ್ರ ವಿಷವಿರುವುದರಿಂದ, ಎಣ್ಣೆ ತೆಗೆಯುವ ಪ್ರಯೋಗವನ್ನು ಮಕ್ಕಳಿಂದ ಮಾಡಿಸಬಾರದು.

ಈ) ತಲೆಗೆ ಹಚ್ಚುವ ಸುವಾಸಿತ ಎಣ್ಣೆ, ಟರ್ಕಿ ರೆಡ್ ಆಯಿಲ್ ಮತ್ತು ಹೈಡ್ರೋಜನೀಕರಿಸಿದ ಹರಳೆಣ್ಣೆ: ಇವು ಹರಳೆಣ್ಣೆಯ ಹೆಸರಿನಲ್ಲಿ ಅಥವಾ ಅದರಿಂದ ತಯಾರಾದವುಗಳಾದರೂ ಇಂಧನಕ್ಕೆ ಬಳಸಲೇಬಾರದು.

3. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

• ಲೇಬಲ್ಲಿನ ಮೇಲೆ ಶೇ. 100 ಹರಳೆಣ್ಣೆ ಎಂದು ನಮೂದಿಸಿರಬೇಕು.
• ಪೊಟ್ಟಣದ ಮೇಲೆ ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮತ್ತು ತಯಾರಿಕೆಯ ತಿಂಗಳು ಹಾಗೂ ವರ್ಷ ಇರಬೇಕು.
• ಹರಳೆಣ್ಣೆಯ ಒಂದು ಲೀಟರು ಸುಮಾರು 960 ಗ್ರಾಂ ತೂಗುತ್ತದೆ. ಕಿಲೋಗ್ರಾಂ ದರವನ್ನು ಲೀಟರು ದರದೊಡನೆ ಹೋಲಿಸುವಾಗ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.
• ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು. ದೂರುಗಳಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದು.

4. ಸರಳ ಪರೀಕ್ಷೆಗಳು

ಮೊದಲು ಸ್ವಲ್ಪವೇ ಎಣ್ಣೆಯನ್ನು ಕೊಂಡು ಪರೀಕ್ಷಿಸಿ, ನಂತರ ಹೆಚ್ಚಿನ ಪ್ರಮಾಣವನ್ನು ಖರೀದಿಸುವುದು ಸೂಕ್ತ.

ನೋಟ ಮತ್ತು ವಾಸನೆ: ಎಣ್ಣೆಯು ತಿಳಿಯಾಗಿ, ಗಟ್ಟಿಯಾಗಿ ಹರಿಯುವಂತಿರಬೇಕು. ತಳದಲ್ಲಿ ಗಷ್ಟು ಅಥವಾ ಕಮಟು ವಾಸನೆ ಇದ್ದಲ್ಲಿ ತಿರಸ್ಕರಿಸಬೇಕು.

ನೀರಿನ ಅಂಶ: ಒಣಗಿದ ಸ್ಟೀಲ್ ಚಮಚದಲ್ಲಿ ಕೆಲವು ಹನಿ ಎಣ್ಣೆಯನ್ನು ಬಿಸಿ ಮಾಡಿದಾಗ ಚಟಪಟ ಸದ್ದು ಬಂದರೆ ನೀರಿದೆ ಎಂದರ್ಥ. ಈ ಪರೀಕ್ಷೆಯ ಸಮಯದಲ್ಲಿ ಮೆಥನಾಲ್ ಹತ್ತಿರದಲ್ಲಿ ಇರಕೂಡದು.

ಕರಗುವಿಕೆ: ಗಾಜಿನ ಶೀಶೆಯಲ್ಲಿ ಒಂದು ಭಾಗ ಎಣ್ಣೆಗೆ ನಾಲ್ಕು ಭಾಗ ಮೆಥನಾಲ್ ಸೇರಿಸಿ, ಚೆನ್ನಾಗಿ ಕಲಕಿ, ಮುಚ್ಚಿ ಒಂದು ದಿನ ಇಡಬೇಕು. ಮಿಶ್ರಣವು ತಿಳಿಯಾಗಿಯೇ ಇರಬೇಕು. ಮಬ್ಬು ಅಥವಾ ಪದರ ಕಂಡುಬಂದಲ್ಲಿ ಆ ಎಣ್ಣೆಯನ್ನು ಬಳಸಬಾರದು. ಅಲ್ಪ ಪ್ರಮಾಣದ ಕಲಬೆರಕೆಯು ಈ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದಾದ್ದರಿಂದ, ನಂಬಿಕೆಯ ಅಂಗಡಿಯಲ್ಲಿ ಖರೀದಿಸುವುದು ಮುಖ್ಯ.

5. ಎಷ್ಟು ಪ್ರಮಾಣ ಬೇಕು?

ಶೇ. 80 ಮೆಥನಾಲ್ ಮತ್ತು ಶೇ. 20 ಹರಳೆಣ್ಣೆ ಬಹುಕಾಲದಿಂದ ರೂಢಿಯಲ್ಲಿರುವ ಮಿಶ್ರಣ. ಇದರಂತೆ 5 ಲೀಟರು ಇಂಧನಕ್ಕೆ 1 ಲೀಟರು ಹರಳೆಣ್ಣೆ ಬೇಕಾಗುತ್ತದೆ. ಹಳೆಯ, ಕಬ್ಬಿಣದ ಪಿಸ್ಟನ್‌ನ ಅಥವಾ ಬಾಲ್ ಬೇರಿಂಗ್ ಇಲ್ಲದ ಎಂಜಿನ್‌ಗಳಿಗೆ ಶೇ. 25 ರವರೆಗೂ ಬೇಕಾಗಬಹುದು. ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಪ್ರಮಾಣವೇ ಅಂತಿಮ. ಹಣ ಉಳಿಸುವ ಉದ್ದೇಶದಿಂದ ಎಣ್ಣೆಯನ್ನು ಕಡಿಮೆ ಮಾಡುವುದು ಸರಿಯಲ್ಲ. ಎಣ್ಣೆಯ ಬೆಲೆಗಿಂತ ಹಾಳಾದ ಎಂಜಿನ್‌ನ ಬೆಲೆ ಅನೇಕ ಪಟ್ಟು ಹೆಚ್ಚು.

6. ಸುರಕ್ಷತಾ ಸೂಚನೆಗಳು

ಹರಳೆಣ್ಣೆಯು ನಿರಪಾಯಕಾರಿಯಾದರೂ ಅದರೊಡನೆ ಬೆರೆಸುವ ಮೆಥನಾಲ್ ಮಾರಕ ವಿಷ. ಅಲ್ಪ ಪ್ರಮಾಣ ಹೊಟ್ಟೆಗೆ ಹೋದರೂ ಶಾಶ್ವತ ಅಂಧತ್ವ ಅಥವಾ ಸಾವು ಸಂಭವಿಸಬಹುದು. ಇದನ್ನು ಪರವಾನಗಿ ಹೊಂದಿದ ಮಾರಾಟಗಾರರಿಂದ ಮಾತ್ರ ಪಡೆಯತಕ್ಕದ್ದು.

• ಮಿಶ್ರಣವನ್ನು ವಯಸ್ಕರು ಮಾತ್ರ, ಗಾಳಿಯಾಡುವ ಬಯಲಿನಲ್ಲಿ, ಕೈಗವಸು ಧರಿಸಿ ಮಾಡಬೇಕು. ಅಡುಗೆಮನೆಯಲ್ಲಿ ಮಾಡಬಾರದು.
• ಕೊಳವೆಯಿಂದ ಇಂಧನವನ್ನು ಬಾಯಿಯಲ್ಲಿ ಎಳೆಯಬಾರದು.
• ಕುಡಿಯುವ ನೀರಿನ ಬಾಟಲಿಯಲ್ಲಿ ಇಂಧನವನ್ನು ತುಂಬಿಡಬಾರದು. ಡಬ್ಬಿಯ ಮೇಲೆ "ವಿಷ" ಎಂದು ಸ್ಪಷ್ಟವಾಗಿ ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು.
• ಮೆಥನಾಲ್ ಗಾಳಿಯಲ್ಲಿನ ತೇವವನ್ನು ಹೀರುವುದರಿಂದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿರಬೇಕು.
• ಮೆಥನಾಲ್‌ನ ಜ್ವಾಲೆಯು ಹಗಲಿನಲ್ಲಿ ಕಣ್ಣಿಗೆ ಕಾಣುವುದು ಕಷ್ಟ. ಬೆಂಕಿ, ಬೀಡಿ, ಸಿಗರೇಟುಗಳನ್ನು ದೂರವಿಡಬೇಕು.
• ಯಾರಾದರೂ ಕುಡಿದಿರುವ ಸಂಶಯವಿದ್ದಲ್ಲಿ, ಲಕ್ಷಣಗಳು ಕಾಣದಿದ್ದರೂ ತಕ್ಷಣ 108 ಕ್ಕೆ ಕರೆ ಮಾಡಿ ಆಸ್ಪತ್ರೆಗೆ ದಾಖಲಿಸಬೇಕು.

ವಿಶೇಷ ಸೂಚನೆ: ದೂರನಿಯಂತ್ರಿತ ಮಾದರಿ ವಿಮಾನಗಳ ಹಾರಾಟಕ್ಕೆ ಡ್ರೋನ್ ನಿಯಮಗಳು, 2021 ಅನ್ವಯವಾಗುತ್ತವೆ. ಹಾರಾಟದ ಸ್ಥಳವು ನಿರ್ಬಂಧಿತ ವಲಯದಲ್ಲಿ ಇಲ್ಲವೆಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.