ಗಾಡಿಯ ದನಿ ಮತ್ತು ದೋಷನಿದಾನ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ತಮ್ಮ ಕಾಯಕದ ಹೆಸರಿನಿಂದಲೇ ಪ್ರಸಿದ್ಧರಾದರು. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ ಮೊದಲಾದವರ ಹೆಸರುಗಳೇ ಇದಕ್ಕೆ ಸಾಕ್ಷಿ. ಆ ಪುಣ್ಯನೆಲದ ಆಸುಪಾಸಿನ ಹುಮನಾಬಾದ, ಕೊಡಂಬಲ ಮೊದಲಾದ ಊರುಗಳಲ್ಲಿ ಇಂದು ಅನೇಕರಿಗೆ ವಾಹನ ಚಾಲನೆಯೇ ಕಾಯಕವಾಗಿದೆ. ಪುಣೆಯಿಂದ ಸೊಲ್ಲಾಪುರ, ಹುಮನಾಬಾದ, ಹೈದರಾಬಾದಗಳ ಮೂಲಕ ಮಚಲೀಪಟ್ಟಣಕ್ಕೆ ಸಾಗುವ ೬೫ನೆಯ ರಾಷ್ಟ್ರೀಯ ಹೆದ್ದಾರಿ ಈ ಸೀಮೆಯ ಜೀವನಾಡಿ. ತನ್ನ ಉಪಕರಣದ ಗುಣದೋಷಗಳನ್ನು ಅರಿಯುವುದು ಕಾಯಕಜೀವಿಯ ಮೊದಲ ಕರ್ತವ್ಯ. ಆದುದರಿಂದ ವಾಹನದ ದನಿಯನ್ನು ಕೇಳಿ ದೋಷವನ್ನು ಗುರುತಿಸುವ ಬಗೆಯನ್ನು ತಿಳಿಯುವುದು ಉಚಿತವಾಗಿದೆ.

ಹೆದ್ದಾರಿಯನ್ನು ಬಿಟ್ಟು ಹೊಲದ ದಾರಿಗೆ ಇಳಿದರೆ ಮಳೆಗಾಲದ ಕರಿಮಣ್ಣು ಗಾಲಿಗಳನ್ನು ನುಂಗುತ್ತದೆ. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಂಜಿನ್ನಿನ ಶಕ್ತಿ ಒದಗುವ ಗಾಡಿ ಅಲ್ಲಿ ನಿಂತುಬಿಡುತ್ತದೆ. ನಾಲ್ಕು ಗಾಲಿಗಳಿಗೂ ಶಕ್ತಿ ಒದಗಿಸುವ ವ್ಯವಸ್ಥೆ ಇಂಥ ನೆಲಕ್ಕೆಂದೇ ಹುಟ್ಟಿದುದು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಜೀಪಿನಿಂದ ಇದು ಜನಪರಿಚಿತವಾಯಿತು. ಇದರಲ್ಲಿ ಗೇರು ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದು ಶಕ್ತಿಯನ್ನು ಹಂಚುತ್ತದೆ. ಒಂದು ಪ್ರೊಪೆಲರ್ ಶಾಫ್ಟ್ ಮುಂದಿನ ಅಚ್ಚಿಗೂ ಇನ್ನೊಂದು ಹಿಂದಿನ ಅಚ್ಚಿಗೂ ಅದನ್ನು ಒಯ್ಯುತ್ತವೆ.

ಎಲ್ಲ ಸದ್ದೂ ದೋಷವಲ್ಲ ಎಂಬುದನ್ನು ಮೊದಲು ಅರಿಯಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತವನ್ನು ಕ್ರಮಿಸುತ್ತವೆ. ಹಳೆಯ ಬಗೆಯ ಗಾಡಿಗಳಲ್ಲಿ ಎರಡು ಅಚ್ಚುಗಳನ್ನೂ ಬಿಗಿಯಾಗಿ ಒಂದುಗೂಡಿಸುವುದರಿಂದ ಈ ವ್ಯತ್ಯಾಸಕ್ಕೆ ಎಡೆ ಸಿಗುವುದಿಲ್ಲ. ಕೆಸರಿನಲ್ಲಿ ಗಾಲಿ ಜಾರಿ ಬಿಗಿತ ಸಡಿಲುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಸಡಿಲದು. ಆಗ ಗಾಡಿ ಮುಲುಗುತ್ತದೆ, ಜಗ್ಗುತ್ತದೆ, ಗಾಲಿಗಳು ಕುಪ್ಪಳಿಸುತ್ತವೆ. ಎರಡು ಗಾಲಿಗಳ ಚಾಲನೆಗೆ ಬದಲಿಸಿ ತುಸು ಹಿಂದಕ್ಕೆ ಸರಿಸಿದಾಗ ಸದ್ದು ಅಡಗಿದರೆ, ತಪ್ಪು ಬಹುತೇಕ ಯಂತ್ರದ್ದಲ್ಲ, ಬಳಸಿದ ರೀತಿಯದು. ಹಿಂದೆ ಹೊಸ ಟಾಯರು, ಮುಂದೆ ಸವೆದ ಟಾಯರು ಹಾಕಿದರೂ ಇದೇ ಬಾಧೆ.

ವೈದ್ಯನು ನಾಡಿ ಹಿಡಿಯುವ ಮೊದಲು ಪ್ರಶ್ನೆ ಕೇಳುವಂತೆ ಇಲ್ಲಿಯೂ ಪ್ರಶ್ನೆಗಳೇ ಮೊದಲು. ಗಾಡಿ ನಿಂತಿದ್ದಾಗಲೂ ಸದ್ದು ಇದೆಯೇ? ಇದ್ದರೆ ಅದು ಎಂಜಿನ್ ಅಥವಾ ಗೇರು ಬಾಕ್ಸಿನ ಕಡೆಯದು. ಚಲಿಸಿದಾಗ ಮಾತ್ರವೇ? ಹಾಗಾದರೆ ದನಿಯ ಲಯವನ್ನು ಎಣಿಸಬೇಕು. ಗಾಲಿಯ ಸುತ್ತಳತೆ ೨.೪ ಮೀಟರ್ ಎಂದು ಭಾವಿಸಿದರೆ, ಗಂಟೆಗೆ ಸುಮಾರು ೯ ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ ಒಂದು ಸುತ್ತು ಸುತ್ತುತ್ತದೆ. ಅಚ್ಚಿನ ಗೇರುಗಳ ಅನುಪಾತ ನಾಲ್ಕಕ್ಕೆ ಒಂದಿದ್ದರೆ ಶಾಫ್ಟ್ ಅಷ್ಟರಲ್ಲಿ ನಾಲ್ಕು ಸುತ್ತು ಸುತ್ತಿರುತ್ತದೆ. ಸೆಕೆಂಡಿಗೆ ಒಮ್ಮೆ ಕೇಳಿದರೆ ಗಾಲಿ, ಬ್ರೇಕು, ಟಾಯರುಗಳನ್ನು ನೋಡಬೇಕು. ನಾಲ್ಕು ಬಾರಿ ಕೇಳಿದರೆ ಶಾಫ್ಟನ್ನು ಶಂಕಿಸಬೇಕು.

ಒಂದೊಂದು ಅಂಗಕ್ಕೂ ಒಂದೊಂದು ದನಿ. ಶಾಫ್ಟಿನ ಜಾಯಿಂಟ್ ಕ್ರಾಸಿನಲ್ಲಿ ಗ್ರೀಸು ಬತ್ತಿದಾಗ ಮೆಲ್ಲನೆ ಸಾಗುವಾಗ ಹಕ್ಕಿಯ ಕಿಚಕಿಚ ದನಿ ಲಯಬದ್ಧವಾಗಿ ಕೇಳುತ್ತದೆ. ಅದು ಸವೆದು ಸಡಿಲವಾದರೆ, ಹಿಂದು-ಮುಂದು ಗೇರು ಬದಲಿಸುವಾಗ ‘ಠಣ್’ ಎನ್ನುತ್ತದೆ. ಮುಂದಿನ ಗಾಲಿಯ ಬಳಿ ಬೂಟು ಹರಿದು ಗ್ರೀಸು ಸಿಡಿದ ಗುರುತಿದ್ದು, ಪೂರ್ಣ ತಿರುವಿನಲ್ಲಿ ‘ಟಕ ಟಕ’ ಕೇಳಿದರೆ ಅಚ್ಚಿನ ಹೊರಗಿನ ಜಾಯಿಂಟು ಸವೆದಿದೆ. ವೇಗ ಹೆಚ್ಚಿದಂತೆ ಗುಂಯ್‌ಗುಡುವ ದನಿ, ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆಯಾದರೆ ದೋಷ ಡಿಫರೆನ್ಷಿಯಲಿನ ಕ್ರೌನ್-ಪಿನಿಯನ್ನುಗಳಲ್ಲಿದೆ. ಆಕ್ಸಿಲರೇಟರಿಗೆ ಬದಲಾಗದೆ, ಗಾಡಿ ಎಡಬಲಕ್ಕೆ ವಾಲಿದಾಗ ಬದಲಾಗುವ ಗುಂಯ್‌ಕಾರ ಗಾಲಿಯ ಬೇರಿಂಗಿನದು. ಲಾಕಿಂಗ್ ಹಬ್‌ಗಳಿರುವ ಗಾಡಿಯಲ್ಲಿ ಒಂದು ಹಬ್ ಅರ್ಧ ಮಾತ್ರ ಕೂಡಿಕೊಂಡರೆ ‘ಕಟ ಕಟ’ ಸದ್ದಾಗುತ್ತದೆ. ಎರಡನ್ನೂ ಒಂದೇ ಸ್ಥಾನದಲ್ಲಿಡಬೇಕು.

ಕಿವಿಯ ನಿರ್ಣಯಕ್ಕೆ ಕಣ್ಣಿನ ಸಾಕ್ಷ್ಯವೂ ಬೇಕು. ಪೆಟ್ಟಿಗೆಗಳ ಆಯಿಲ್ ಕಡಿಮೆಯಿದೆಯೇ ಎಂದು ನೋಡಬೇಕು. ಹಳ್ಳ ದಾಟಿದ ಗಾಡಿಯ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಆಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದುಬಣ್ಣದ ಲೇಪ ಸಹಜ ಸವೆತದ್ದು. ಹೊಳೆಯುವ ಲೋಹದ ಚೂರು ಕಂಡರೆ ಬಿಚ್ಚದೆ ಗತ್ಯಂತರವಿಲ್ಲ.

ಪರೀಕ್ಷೆಯಲ್ಲಿ ಒಂದು ಎಚ್ಚರ ಪ್ರಾಣಕ್ಕೆ ಸಂಬಂಧಿಸಿದುದು. ನಾಲ್ಕು ಗಾಲಿಗಳ ಚಾಲನೆಯಲ್ಲಿರುವ ಗಾಡಿಯ ಒಂದು ಗಾಲಿಯನ್ನು ಮಾತ್ರ ಜಾಕಿನಿಂದೆತ್ತಿ ಎಂಜಿನ್ ಓಡಿಸಬಾರದು. ನೆಲ ಹಿಡಿದಿರುವ ಗಾಲಿಗಳು ಗಾಡಿಯನ್ನು ಜಾಕಿನ ಮೇಲಿಂದ ಎಳೆದು ಕೆಡವಬಹುದು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ, ಮುಖ್ಯ ಗೇರಿನಲ್ಲಿ ನಿಲ್ಲಿಸಿದ ಗಾಡಿಯೂ ಉರುಳುತ್ತದೆ. ಆದುದರಿಂದ ಹ್ಯಾಂಡ್ ಬ್ರೇಕು ಬಿಗಿದು, ಗಾಲಿಗಳಿಗೆ ಕಲ್ಲು ಕೊಟ್ಟು, ಬಲವಾದ ಊರೆಗಳಿಲ್ಲದೆ ಯಾರೂ ಕೆಳಗೆ ಹೋಗದಿರುವುದು ಲೇಸು.

ಸದ್ದನ್ನು ಅಲಕ್ಷಿಸಿದರೆ ಮುಂದಿನ ಶಾಫ್ಟ್ ಕಳಚಿ ನೆಲಕ್ಕೆ ನಾಟುವ ಅಪಾಯವಿದೆ. ಸದ್ದನ್ನು ತಪ್ಪಾಗಿ ಗ್ರಹಿಸಿದರೆ ಸಣ್ಣ ಕ್ರಾಸಿನಿಂದ ತೀರುವ ಕೆಲಸಕ್ಕೆ ಇಡೀ ಡಿಫರೆನ್ಷಿಯಲ್ ಬಿಚ್ಚಿ, ಬಡ ಮಾಲೀಕನು ಸಾಲಗಾರನಾಗುತ್ತಾನೆ. ಹೀಗೆ ಒಂದು ಕುಟುಂಬದ ಅನ್ನವೂ ಪ್ರಯಾಣಿಕರ ಪ್ರಾಣವೂ ಒಬ್ಬ ಮಿಸ್ತ್ರಿಯ ಕಿವಿಯನ್ನು ನಂಬಿರುತ್ತವೆ. ಆ ಕಿವಿಯನ್ನು ಹದಗೊಳಿಸುವ ತಾಳ್ಮೆ, ಎಣಿಕೆ, ಕಾರ್ಯಕಾರಣ ವಿಚಾರಗಳನ್ನು ಶಾಲೆಯ ಗಣಿತವೂ ವಿಜ್ಞಾನವೂ ಕಲಿಸುತ್ತವೆ. ಗ್ರೀಸು ಮೆತ್ತಿದ ಕೈಯನ್ನು ಕೀಳೆಂದು ಬಗೆಯದೆ, ಅದಕ್ಕೆ ಅರಿವಿನ ಬಲವನ್ನು ಒದಗಿಸುವುದೇ ಕಾಯಕದ ನೆಲದಲ್ಲಿ ನಡೆಯುವ ವಿದ್ಯಾದಾನದ ಸಾರ್ಥಕತೆ.